ಹಿತ್ತಿಲ ಕೋಳಿಯೂ ನೆರೆಮನೆಯ ನಿದ್ದೆಯೂ

ತನ್ನ ಹುಂಜ ಕೂಗಿದರೆ ಮಾತ್ರವೇ ಊರಿಗೆ ಬೆಳಗಾಗುವುದೆಂದು ನಂಬಿದ್ದ ಮುದುಕಿಯೊಬ್ಬಳು, ಊರವರ ಮೇಲೆ ಮುನಿದು, ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡು ಕಾಡಿಗೆ ಹೊರಟುಹೋದ ಕಥೆಯನ್ನು ನಾವೆಲ್ಲರೂ ಬಾಲ್ಯದಲ್ಲಿ ಕೇಳಿದವರೇ. ಕಥೆ ಹೇಳುವವರು ಮುದುಕಿಯ ಅಹಂಕಾರವನ್ನು ನೆನೆದು ನಗುತ್ತಾರೆ. ನನ್ನ ಮನಸ್ಸು ಮಾತ್ರ ಆ ಕಥೆಯಲ್ಲಿ ಇಲ್ಲದ ಒಂದು ಸಂಗತಿಯ ಕಡೆಗೆ ಹರಿಯುತ್ತದೆ. ಮುದುಕಿಯ ಹುಂಜ ನಸುಕಿನಲ್ಲಿ ಕೂಗಿ ತನ್ನ ನಿದ್ದೆ ಕೆಡಿಸಿತೆಂದು ಆ ಊರಿನಲ್ಲಿ ಒಬ್ಬನಾದರೂ ದೂರಿದಂತೆ ಕಥೆ ಹೇಳುವುದಿಲ್ಲ. ಅದು ಬೇಸಾಯದ ಊರು. ಹುಂಜ ಕೂಗುವ ಹೊತ್ತಿಗೆ ಏಳಲೇಬೇಕಾದವರ ಊರು. ಅದೇ ಊರು ಬೆಳೆದು ಪಟ್ಟಣವಾಗಿ, ಅಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ಮಲಗುವವರೂ, ಪರೀಕ್ಷೆಗೆ ಓದಿ ದಣಿದ ಮಕ್ಕಳೂ, ಕಾಯಿಲೆಯವರೂ ಒಬ್ಬರ ಗೋಡೆಗೆ ಇನ್ನೊಬ್ಬರ ಗೋಡೆ ತಗುಲುವಂತೆ ವಾಸಿಸತೊಡಗಿದ ಮೇಲೆ, ಗಡಿಯಾರವಾಗಿದ್ದ ಕೂಗು ಉಪದ್ರವವಾಯಿತು. ಕೋಳಿ ಮಾತ್ರ ಬದಲಾಗಲಿಲ್ಲ.

ಮನೆಯ ಹಿತ್ತಿಲಿನಲ್ಲಿ ನಾಲ್ಕು ಕೋಳಿಗಳನ್ನು ಸಾಕುವುದಕ್ಕೆ ಊರಾಡಳಿತದ ಅಪ್ಪಣೆ ಬೇಕೆ, ಬೇಕಾದರೆ ಅದು ಯಾವ ರೂಪದ್ದಾಗಿರಬೇಕು ಎಂಬುದು ಈ ಹೊತ್ತಿನ ನನ್ನ ವಿಷಯ. ಇದೇನು ಮಹಾ ವಿಷಯವೆಂದು ಕೆಲವರಿಗೆ ತೋರಬಹುದು. ನಾನು ಸುಮಾರು ಮೂವತ್ತು ವರ್ಷ ಬೇರೆ ಬೇರೆ ಪುರಸಭೆಗಳ ಕಚೇರಿಗಳಲ್ಲಿ ಕೆಲಸ ಮಾಡಿದವನು. ರಸ್ತೆ ಅಗಲ ಮಾಡುವ ಪ್ರಶ್ನೆ ಬಂದಾಗ ಊರಿನ ಜನ ಎರಡು ಪಕ್ಷವಾಗಿ ನಿಂತು ವಾದಿಸಿ, ಸಂಜೆಗೆ ಒಂದೇ ಹೋಟೆಲಿನಲ್ಲಿ ಕುಳಿತು ಕಾಫಿ ಕುಡಿದುದನ್ನು ಕಂಡಿದ್ದೇನೆ. ಒಂದು ಕೋಳಿಗೂಡಿನ ದೆಸೆಯಿಂದ ಅಕ್ಕಪಕ್ಕದ ಮನೆಯವರು ಹದಿನೈದು ವರ್ಷ ಮಾತು ಬಿಟ್ಟುದನ್ನೂ ಕಂಡಿದ್ದೇನೆ.

ಈ ಪ್ರಶ್ನೆಯನ್ನು ಅಡಿ ಅಂಗುಲಗಳ ಲೆಕ್ಕಕ್ಕಿಳಿಸಿ ಚರ್ಚಿಸಿರುವ ದೇಶ ಅಮೆರಿಕ. ಆದುದರಿಂದ ಮೊದಲು ಅಲ್ಲಿಗೆ ಹೋಗಿ, ಆಮೇಲೆ ನಮ್ಮ ಬೀದಿಗೆ ಮರಳುವುದು ಉಚಿತ.

ಊರಿನ ನಕ್ಷೆಯನ್ನು ಹರಡಿಕೊಂಡು, ಇಲ್ಲಿ ವಾಸದ ಮನೆಗಳು, ಇಲ್ಲಿ ಅಂಗಡಿಗಳು, ಇಲ್ಲಿ ಕಾರ್ಖಾನೆಗಳು ಎಂದು ಗೆರೆ ಎಳೆದು ವಿಂಗಡಿಸುವ ಪದ್ಧತಿಯನ್ನು ವಲಯ ನಿಯಮವೆನ್ನುತ್ತಾರೆ. ನ್ಯೂಯಾರ್ಕ್ ನಗರ 1916ರಲ್ಲಿ ಇಡೀ ನಗರಕ್ಕೆ ಇಂಥ ನಿಯಮವನ್ನು ತಂದಿತು. ನನ್ನ ಜಮೀನಿನಲ್ಲಿ ನಾನು ಏನು ಕಟ್ಟಬೇಕೆಂಬುದನ್ನು ಊರು ಹೇಳಬಹುದೇ ಎಂಬ ಪ್ರಶ್ನೆ ಬಹುಬೇಗ ನ್ಯಾಯಾಲಯ ಹತ್ತಿತು. ಓಹಿಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದ ಪಕ್ಕದಲ್ಲಿ ಯೂಕ್ಲಿಡ್ ಎಂಬ ಊರುಂಟು. ಆ ಊರಿನ ಆಡಳಿತಕ್ಕೂ ಆಂಬ್ಲರ್ ಎಂಬ ಭೂವ್ಯಾಪಾರ ಸಂಸ್ಥೆಗೂ ನಡೆದ ವ್ಯಾಜ್ಯದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1926ರಲ್ಲಿ ಊರಿನ ಪರವಾಗಿ ತೀರ್ಪಿತ್ತಿತು. ತೀರ್ಪನ್ನು ಬರೆದ ನ್ಯಾಯಮೂರ್ತಿ ಸದರ್ಲ್ಯಾಂಡ್ ಅವರು, ಉಪದ್ರವವೆಂದರೆ ಎಷ್ಟೋ ವೇಳೆ ಸರಿಯಾದ ವಸ್ತು ತಪ್ಪು ಜಾಗದಲ್ಲಿರುವುದೇ ಎಂಬ ಭಾವವನ್ನು ಹೇಳಿ, ಕೊಟ್ಟಿಗೆಯಲ್ಲಿರಬೇಕಾದ ಹಂದಿ ನಡುಮನೆಗೆ ಬಂದುದನ್ನು ಉದಾಹರಿಸಿದರು. ಅಂದಿನಿಂದ ಈ ಬಗೆಯ ವಿಂಗಡಣೆಗೆ ಆ ಊರಿನ ಹೆಸರೇ ಅಂಟಿಕೊಂಡಿದೆ. ರೇಖಾಗಣಿತದ ಯೂಕ್ಲಿಡನಿಗೂ ಇದಕ್ಕೂ ನೇರ ಸಂಬಂಧವಿಲ್ಲ. ಆದರೆ ಆ ಊರಿಗೆ ಆತನ ಹೆಸರಿಟ್ಟವರು ಭೂಮಾಪಕರು ಎಂಬುದನ್ನು ನೆನೆದರೆ, ಗೆರೆ ಎಳೆಯುವವರ ಪಂಕ್ತಿಯಲ್ಲಿ ಆತನೂ ಸೇರಿಕೊಂಡುದು ಆಶ್ಚರ್ಯವೇನಲ್ಲ.

ನ್ಯಾಯಮೂರ್ತಿಗಳು ಹಂದಿಯ ಮಾತೆತ್ತಿದರು. ಪೆಟ್ಟು ಕೋಳಿಗೂ ಬಿತ್ತು. ಇದಕ್ಕೆ ಎಂಟು ವರ್ಷ ಮೊದಲು, 1918ರಲ್ಲಿ, ಮಹಾಯುದ್ಧದ ನಡುವೆ, ಅದೇ ದೇಶದ ಕೃಷಿ ಇಲಾಖೆ ಭಿತ್ತಿಪತ್ರಗಳನ್ನು ಅಚ್ಚುಹಾಕಿಸಿ, ಹಿತ್ತಿಲಿನಲ್ಲಿ ಕೋಳಿ ಸಾಕುವುದು ದೇಶಭಕ್ತರ ಕರ್ತವ್ಯವೆಂದು ಸಾರಿತ್ತು. ಮನೆಯಲ್ಲಿರುವ ತಲೆಯೊಂದಕ್ಕೆ ಎರಡು ಹೇಂಟೆಗಳೆಂಬುದು ಅದರ ಲೆಕ್ಕ. ಯುದ್ಧ ಮುಗಿಯಿತು. ಎರಡನೆಯ ಯುದ್ಧವೂ ಮುಗಿದ ಮೇಲೆ ಊರಿನ ಹೊರವಲಯಗಳಲ್ಲಿ ಹುಲ್ಲುಹಾಸಿನ ಮನೆಗಳ ಸಾಲುಗಳೆದ್ದವು. ಮೊಟ್ಟೆ ಸಾವಿರಾರು ಕೋಳಿಗಳ ದೊಡ್ಡ ಸಾಕಣೆಮನೆಗಳಿಂದ ಬರತೊಡಗಿತು. ಕೋಳಿ ಹಳ್ಳಿಯ ಪ್ರಾಣಿ, ಬಡತನದ ಗುರುತು ಎಂಬ ಭಾವನೆ ಬೆಳೆಯಿತು. ಊರೂರಿನ ಉಪವಿಧಿಗಳಲ್ಲಿ ವಾಸದ ವಲಯದೊಳಗೆ ಸಾಕಣೆಯ ಪಶುಪಕ್ಷಿಗಳು ಕೂಡದೆಂಬ ಒಂದು ವಾಕ್ಯ ಸೇರಿಕೊಂಡಿತು. ಆ ವಾಕ್ಯವನ್ನು ಬರೆದವರ ಕಣ್ಣ ಮುಂದೆ ಇದ್ದುದು ಬಹುಶಃ ಹಸು ಹಂದಿಗಳು. ಆದರೆ ವಾಕ್ಯಕ್ಕೆ ಬರೆದವನ ಮನಸ್ಸು ತಿಳಿಯುವುದಿಲ್ಲವಷ್ಟೆ.

ಈ ನಿಷೇಧವನ್ನು ಸಡಿಲಿಸಿದ ಊರುಗಳಲ್ಲಿ ಹೆಚ್ಚಾಗಿ ಹೆಸರಾದುದು ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ ಮ್ಯಾಡಿಸನ್. ಅಲ್ಲಿ ಕದ್ದುಮುಚ್ಚಿ ಕೋಳಿ ಸಾಕುತ್ತಿದ್ದವರು ಕೆಲವರು ಒಂದಾಗಿ, ತಮ್ಮ ಗುಂಪಿಗೆ ಭೂಗತ ಕೋಳಿಬಳಗವೆಂಬರ್ಥದ ಹೆಸರಿಟ್ಟುಕೊಂಡು, ನಗರಸಭೆಯ ಸದಸ್ಯರ ಮನೆಬಾಗಿಲಿಗೆ ಹೋಗಿ ವಾದಿಸಿದರು. 2004ರಲ್ಲಿ ನಗರಸಭೆ ಒಪ್ಪಿತು. ಅದು ವಿಧಿಸಿದ ಕಟ್ಟಳೆ ಸಣ್ಣದು: ನಾಲ್ಕಕ್ಕಿಂತ ಹೆಚ್ಚು ಕೋಳಿ ಕೂಡದು, ಹುಂಜ ಕೂಡದು, ಅಲ್ಲಿಯೇ ಕೊಯ್ಯಕೂಡದು, ಮುಚ್ಚಿದ ಗೂಡಿರಬೇಕು, ಗೂಡು ನೆರೆಯವರ ವಾಸದ ಕಟ್ಟಡದಿಂದ ಇಪ್ಪತ್ತೈದು ಅಡಿ ದೂರವಿರಬೇಕು, ಪರವಾನಗಿ ಪಡೆಯಬೇಕು. 2010ರಲ್ಲಿ ಸಿಯಾಟಲ್ ನಗರ ತನ್ನಲ್ಲಿದ್ದ ಮೂರರ ಮಿತಿಯನ್ನು ಎಂಟಕ್ಕೇರಿಸಿ, ಹೊಸದಾಗಿ ಹುಂಜ ತರುವುದನ್ನು ನಿಷೇಧಿಸಿತು. ನ್ಯೂಯಾರ್ಕ್ ಎಂದರೆ ಗಗನಚುಂಬಿಗಳನ್ನೇ ನೆನೆಯುವ ನಮಗೆ ಅಲ್ಲಿಯೂ ಹೇಂಟೆ ಸಾಕುವುದಕ್ಕೆ ಅಡ್ಡಿಯಿಲ್ಲವೆಂಬುದು ವಿಚಿತ್ರವೆನಿಸಬಹುದು. ಅಲ್ಲಿನ ಆರೋಗ್ಯ ನಿಯಮ ಅಡ್ಡಿಪಡಿಸುವುದು ಹುಂಜವನ್ನು, ಬಾತು ಹೆಬ್ಬಾತುಗಳನ್ನು, ಟರ್ಕಿ ಕೋಳಿಯನ್ನು.

ಈ ಕಟ್ಟಳೆಗಳನ್ನು ಓದುತ್ತ ಹೋದಂತೆ ಒಂದೊಂದು ಅಂಕಿಯ ಹಿಂದೆಯೂ ಒಬ್ಬ ನೆರೆಯವನು ನಿಂತಿರುವುದು ನನಗೆ ಕಂಡಿತು. ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆಯಿಡುತ್ತದೆ, ಮರಿಯಾಗುವುದಿಲ್ಲ, ಅಷ್ಟೆ. ಈ ಸಂಗತಿ ಪಟ್ಟಣದ ಅನೇಕರಿಗೆ ತಿಳಿಯದು. ಆದುದರಿಂದ ಮೊಟ್ಟೆಗಾಗಿ ಸಾಕುವವನಿಗೆ ಹುಂಜವನ್ನು ಬಿಡುವುದು ನಷ್ಟವಲ್ಲ, ನೆರೆಯವನಿಗೆ ಅದು ಇಲ್ಲದಿರುವುದು ದೊಡ್ಡ ಲಾಭ. ಹೇಂಟೆಯೂ ಮೊಟ್ಟೆಯಿಟ್ಟ ಹೆಮ್ಮೆಯಲ್ಲಿ ಕೊಕ್ಕೊಕ್ಕೋ ಎನ್ನದಿರುವುದಿಲ್ಲ. ಆದರೆ ಅದು ಹಗಲಿನ ಮಾತು. ಇಪ್ಪತ್ತೈದು ಅಡಿಯ ಲೆಕ್ಕ ವಾಸನೆಯದು. ಕೋಳಿಯ ಹಿಕ್ಕೆ ಒಣಗಿದ್ದರೆ ಅಷ್ಟಾಗಿ ನಾರುವುದಿಲ್ಲ; ತೇವದಲ್ಲಿ ಕೊಳೆತಾಗ ಅಮೋನಿಯ ಎದ್ದು ಮೂಗಿಗೆ ಹೊಡೆಯುತ್ತದೆ. ಗೂಡಿನೊಳಗೆ ಕೋಳಿಯೊಂದಕ್ಕೆ ಮೂರು ನಾಲ್ಕು ಚದರಡಿ, ಹೊರಗೆ ಓಡಾಡಲು ಎಂಟು ಹತ್ತು ಚದರಡಿ ಇದ್ದು, ನೆಲಕ್ಕೆ ಮರದ ಹೊಟ್ಟು ಹಾಸಿ, ನೆನೆದುದನ್ನು ಆಗಾಗ ತೆಗೆಯುತ್ತಿದ್ದರೆ ನಾಲ್ಕು ಕೋಳಿಗಳ ವಾಸನೆ ಬೇಲಿ ದಾಟದು. ನಲವತ್ತಾದರೆ ಯಾವ ಹೊಟ್ಟೂ ತಡೆಯದು. ಸಂಖ್ಯೆಯ ಮಿತಿಗೆ ಇದೇ ಕಾರಣ. ಮುಚ್ಚಿದ ಗೂಡು ಬೇಕೆನ್ನುವುದು ಕೋಳಿಯ ರಕ್ಷಣೆಗೆ ಎಷ್ಟೋ ಇಲಿಯ ನಿವಾರಣೆಗೂ ಅಷ್ಟೇ. ರಾತ್ರಿ ಚೆಲ್ಲಿ ಉಳಿದ ಕಾಳಿಗೆ ಇಲಿ ಬಂದರೆ ಅದು ಗೂಡಿನ ಯಜಮಾನನ ಮನೆಗೆ ಮಾತ್ರ ಬರುವುದಿಲ್ಲ.

ಕಟ್ಟಳೆ ಸಣ್ಣದಾದರೂ ಅದರ ದಾರಿ ಸಣ್ಣದಲ್ಲ. ಓಹಿಯೋ ರಾಜ್ಯದ ಒಂದು ಸಣ್ಣ ಊರಿನಲ್ಲಿ ನನ್ನ ಅಕ್ಕನ ಮಗಳ ಸಂಸಾರವಿದೆ. ಕೆಲವು ವರ್ಷಗಳ ಹಿಂದೆ ಅವಳಿಗೆ ನಾಲ್ಕು ಹೇಂಟೆಗಳನ್ನು ಸಾಕುವ ಆಸೆಯಾಯಿತು. “ಮಾವ, ನೀವು ಪುರಸಭೆಯಲ್ಲಿದ್ದವರು, ಈ ಕಾಗದಗಳನ್ನು ಸ್ವಲ್ಪ ನೋಡಿಕೊಡಿ” ಎಂದು ಅವಳು ಕಳಿಸಿದ್ದರಿಂದಲೇ ನಾನು ಆ ದೇಶದ ಉಪವಿಧಿಗಳನ್ನು ಓದತೊಡಗಿದುದು. ಮೊದಲು ತನ್ನ ನಿವೇಶನ ಯಾವ ವಲಯದಲ್ಲಿದೆಯೆಂದು ನಕ್ಷೆ ನೋಡಬೇಕು. ವಲಯದ ಅಧ್ಯಾಯದಲ್ಲಿ ಕೋಳಿಯ ಹೆಸರಿಲ್ಲದಿದ್ದರೆ ಸುಮ್ಮನಾಗುವಂತಿಲ್ಲ. ಪ್ರಾಣಿಗಳ ಅಧ್ಯಾಯ ಬೇರೆ ಇರುತ್ತದೆ, ಅಲ್ಲಿ ಹುಡುಕಬೇಕು. ಗೂಡು ಒಂದು ಗಾತ್ರ ಮೀರಿದರೆ ಅದು ಕಟ್ಟಡವೆನಿಸಿಕೊಂಡು ಬೇರೊಂದು ಅನುಮತಿ ಬೇಡುತ್ತದೆ. ನಿವೇಶನದ ಎಲ್ಲೆಯಿಂದ ಇಷ್ಟಡಿ, ನೆರೆಮನೆಯಿಂದ ಇಷ್ಟಡಿ ಎಂದು ಅಳೆದು ನಕ್ಷೆ ಬರೆದುಕೊಡಬೇಕು. ಅಳತೆ ಕೂಡಿಬರದಿದ್ದರೆ ವಿನಾಯಿತಿಗಾಗಿ ಮೇಲ್ಮನವಿ ಮಂಡಳಿಯ ಮುಂದೆ ನಿಂತು, ಬಹಿರಂಗ ಸಭೆಯಲ್ಲಿ ಅಹವಾಲು ಹೇಳಿಕೊಳ್ಳಬೇಕು. ಇವೆಲ್ಲ ಮುಗಿದ ಮೇಲೂ, ಆ ಬಡಾವಣೆಯ ಮನೆಮಾಲಿಕರ ಸಂಘವೊಂದಿದ್ದು, ಮನೆ ಕೊಳ್ಳುವಾಗ ಸಹಿ ಹಾಕಿದ ಕರಾರಿನಲ್ಲಿ ಕೋಳಿ ಕೂಡದೆಂದಿದ್ದರೆ, ಊರು ಕೊಟ್ಟ ಪರವಾನಗಿ ಕೈಯಲ್ಲಿದ್ದೂ ಪ್ರಯೋಜನವಿಲ್ಲ.

ಇವನ್ನೆಲ್ಲ ಅವಳು ತಾಳ್ಮೆಯಿಂದ ದಾಟಿದಳು. ಕೊನೆಗುಳಿದುದು ಒಂದು ಷರತ್ತು: ಎಲ್ಲೆಗೆ ತಗುಲಿದ ನಾಲ್ಕು ಮನೆಯವರ ಲಿಖಿತ ಒಪ್ಪಿಗೆ. ಇಂಥ ಷರತ್ತು ಆ ದೇಶದಲ್ಲಿ ಅಪೂರ್ವವೇನಲ್ಲ; ಮಿಷಿಗನ್ ರಾಜ್ಯದ ಆನ್ ಆರ್ಬರ್ ಎಂಬ ವಿದ್ಯಾಕೇಂದ್ರ 2008ರಲ್ಲಿ ಕೋಳಿಗೆ ಅನುಮತಿ ಕೊಟ್ಟಾಗ ನೆರೆಯವರ ಸಹಿಯನ್ನು ಕೇಳಿತ್ತು. ಅವಳಿಗೆ ಮೂರು ಸಹಿ ದೊರಕಿದವು. ನಾಲ್ಕನೆಯ ಮನೆಯ ವೃದ್ಧರು ಬಾಗಿಲಲ್ಲೇ ನಿಂತು, ಆಗುವುದಿಲ್ಲವೆಂದರು, ಕಾರಣ ಹೇಳಲಿಲ್ಲ. ಅಲ್ಲಿಗೆ ಮುಗಿಯಿತು. ಕಟ್ಟಿದ ಗೂಡನ್ನು ಮಕ್ಕಳು ಸೈಕಲ್ಲು ನಿಲ್ಲಿಸಲು ಉಪಯೋಗಿಸಿಕೊಂಡರು. ಅವಳಿಗೆ ಕೋಳಿ ಬರಲಿಲ್ಲವೆಂಬುದಕ್ಕಿಂತ, ತಾನು ಪರದೇಶದವಳೆಂದೇ ಅವರು ಒಲ್ಲೆನೆಂದಿರಬಹುದೆಂಬ ಕೊರಗು ಹೆಚ್ಚಾಗಿತ್ತು. ಎಷ್ಟೋ ತಿಂಗಳ ಮೇಲೆ ಬೇರೆಯವರಿಂದ ತಿಳಿದುಬಂದುದೇನೆಂದರೆ, ಆ ವೃದ್ಧರ ಪತ್ನಿ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದರು. ಸೋಂಕು ತಗುಲದಂತೆ ನೋಡಿಕೊಳ್ಳಿರೆಂದು ವೈದ್ಯರು ಹೇಳಿದ್ದರು. ಮನೆಯ ಕಾಯಿಲೆಯ ವಿಚಾರವನ್ನು ಬೇಲಿಯಾಚೆಯವರಿಗೆ ಹೇಳಿಕೊಳ್ಳುವುದು ಅವರಿಗೆ ಬೇಕಾಗಿರಲಿಲ್ಲ.

ಈ ಪ್ರಸಂಗದಲ್ಲಿ ತಪ್ಪು ಯಾರದು? ವೃದ್ಧರದಲ್ಲ, ನನ್ನ ಸೊಸೆಯದೂ ಅಲ್ಲ. ತಪ್ಪು ಆ ಷರತ್ತಿನದೆಂಬುದು ನನ್ನ ಅಭಿಪ್ರಾಯ. ಊರಾಡಳಿತ ತಾನು ಮಾಡಬೇಕಾದ ತೀರ್ಮಾನವನ್ನು ಇಬ್ಬರು ನೆರೆಯವರ ನಡುವಣ ಬೇಲಿಯ ಮೇಲೆ ಎತ್ತಿಟ್ಟು, ತಾನು ಕೈತೊಳೆದುಕೊಂಡಿತು. ನೆರೆಯವರಿಗೆ ಮುಂಚಿತವಾಗಿ ತಿಳಿಸಿ, ಆಕ್ಷೇಪವಿದ್ದರೆ ಕಾರಣವನ್ನು ಅಧಿಕಾರಿಗೆ ಗೋಪ್ಯವಾಗಿ ತಿಳಿಸಿರೆಂದು ಹೇಳಿದ್ದರೆ, ವೃದ್ಧರು ತಮ್ಮ ಸಂಕಟವನ್ನು ಹೇಳಬೇಕಾದವರಿಗೆ ಹೇಳುತ್ತಿದ್ದರು. ಅಧಿಕಾರಿ ಗೂಡನ್ನು ಹಿತ್ತಿಲಿನ ಇನ್ನೊಂದು ಮೂಲೆಗೆ ತಳ್ಳುತ್ತಿದ್ದರೋ, ಒಂದು ವರ್ಷ ತಡೆಯಿರಿ ಎನ್ನುತ್ತಿದ್ದರೋ, ನಿರಾಕರಿಸುತ್ತಿದ್ದರೋ, ಅದು ಬೇರೆ ಮಾತು. ಅಷ್ಟು ತಿಂಗಳು ಒಂದು ಮನೆ ಇನ್ನೊಂದು ಮನೆಯನ್ನು ಸಂಶಯದಿಂದ ನೋಡುವುದಂತೂ ತಪ್ಪುತ್ತಿತ್ತು.

ವೃದ್ಧರ ಭಯ ಕೇವಲ ಭ್ರಮೆಯೆಂದು ನಾನು ಹೇಳಲಾರೆ. ಹಿತ್ತಿಲ ಕೋಳಿಯನ್ನು ಹೊಗಳುವವರು ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ. ನೋಡಲು ಆರೋಗ್ಯವಾಗಿರುವ ಕೋಳಿಯ ಹಿಕ್ಕೆಯಲ್ಲಿಯೂ ಸಾಲ್ಮೊನೆಲ್ಲ ಎಂಬ ರೋಗಾಣು ಇರಬಹುದು. 2020ರಲ್ಲಿ, ಮನೆಯಲ್ಲಿ ಕೂಡಿಬಿದ್ದ ಜನ ಉತ್ಸಾಹದಿಂದ ಮರಿಗಳನ್ನು ಕೊಂಡ ವರ್ಷ, ಅಮೆರಿಕದಲ್ಲಿ ಹಿತ್ತಿಲ ಕೋಳಿಗಳ ಸಂಪರ್ಕದಿಂದ 1,700ಕ್ಕೂ ಹೆಚ್ಚು ಜನ ಈ ರೋಗಕ್ಕೆ ಸಿಕ್ಕಿದುದು ದಾಖಲಾಯಿತು. 2022ರಲ್ಲಿ ಹಬ್ಬತೊಡಗಿದ ಹಕ್ಕಿಜ್ವರದಿಂದ ಆ ದೇಶ 2025ರ ವೇಳೆಗೆ ಹದಿನಾರು ಕೋಟಿಗೂ ಹೆಚ್ಚು ಕೋಳಿಗಳನ್ನು ಕಳೆದುಕೊಂಡಿತು. ಬಹುಪಾಲು ದೊಡ್ಡ ಸಾಕಣೆಮನೆಗಳಲ್ಲಿ. 2025ರ ಜನವರಿಯಲ್ಲಿ ಲೂಯಿಸಿಯಾನ ರಾಜ್ಯದಲ್ಲಿ ಈ ಜ್ವರದಿಂದ ಒಬ್ಬರು ತೀರಿಕೊಂಡರು. ಅವರು ಹಿತ್ತಿಲ ಕೋಳಿಗಳ ಮತ್ತು ಕಾಡುಹಕ್ಕಿಗಳ ಸಂಪರ್ಕಕ್ಕೆ ಬಂದಿದ್ದವರು. ವಿಚಿತ್ರವೆಂದರೆ, ಅದೇ ಜ್ವರದ ದೆಸೆಯಿಂದ ಮೊಟ್ಟೆಯ ಬೆಲೆ 2025ರ ಮಾರ್ಚಿನಲ್ಲಿ ಡಜನ್ನಿಗೆ ಆರು ಡಾಲರು ದಾಟಿದಾಗ, ಕೇಂದ್ರದ ಕೃಷಿ ಕಾರ್ಯದರ್ಶಿಗಳು ಹಿತ್ತಿಲಿನಲ್ಲಿ ಕೋಳಿ ಸಾಕುವುದನ್ನು ಸುಲಭಗೊಳಿಸಬೇಕೆಂದರು. 1918ರ ಭಿತ್ತಿಪತ್ರ ಮತ್ತೆ ಗೋಡೆಗೆ ಬಂದಂತಾಯಿತು. ರಾಜಧಾನಿಯಲ್ಲಿ ಸಾಕಿರೆನ್ನುವವರು, ಊರಿನಲ್ಲಿ ಕೂಡದೆನ್ನುವವರು; ನಡುವೆ ಮರಿ ಕೊಳ್ಳಲು ಅಂಗಡಿಯ ಮುಂದೆ ನಿಂತ ಗೃಹಸ್ಥ.

ಇಂಗ್ಲೆಂಡಿನವರು ಈ ಗೊಂದಲವನ್ನು ಒಂದೇ ಏಟಿಗೆ ಬಗೆಹರಿಸಿದ್ದಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಮೊಟ್ಟೆಗೆ ಪಡಿತರವಿತ್ತು. ತಮ್ಮ ಪಾಲಿನ ಮೊಟ್ಟೆಯನ್ನು ಬಿಟ್ಟುಕೊಟ್ಟವರಿಗೆ ಅದರ ಬದಲು ಕೋಳಿಯ ಮೇವು ದೊರೆಯುತ್ತಿತ್ತು. ಮನೆಮನೆಯ ಹಿತ್ತಿಲಿನಲ್ಲಿ ಗೂಡೆದ್ದಿತು. ಆ ಅನುಭವದ ಮೇಲೆ 1950ರ ಅಲಾಟ್‌ಮೆಂಟ್ಸ್ ಕಾಯಿದೆಯ 12ನೆಯ ಪ್ರಕರಣ, ಜಮೀನಿನ ಕರಾರು ಏನೇ ಹೇಳಲಿ, ವ್ಯಾಪಾರಕ್ಕಲ್ಲದೆ ಮನೆಬಳಕೆಗೆ ಹೇಂಟೆಯನ್ನೂ ಮೊಲವನ್ನೂ ಸಾಕುವುದು ಜಮೀನಿನ ಅನುಭೋಗದಾರನ ಹಕ್ಕೆಂದು ಸಾರಿತು. ಆದರೆ ಅದು ಆರೋಗ್ಯಕ್ಕೆ ಹಾನಿಯಾಗಬಾರದು, ಉಪದ್ರವವಾಗಬಾರದು. ಹುಂಜಕ್ಕೆ ಈ ಹಕ್ಕಿಲ್ಲ. ಎಷ್ಟು ಚಿಕ್ಕ ಮಾತು! ಸಂಘದ ಕರಾರನ್ನು ಬದಿಗೆ ಸರಿಸಿತು, ನೆರೆಯವನ ದೂರನ್ನು ಉಳಿಸಿತು.

ಹುಂಜಕ್ಕೆ ಎಲ್ಲೆಡೆಯೂ ಸೋಲೆಂದು ತಿಳಿಯಬೇಡಿ. ಫ್ರಾನ್ಸಿನ ಓಲೆರಾನ್ ದ್ವೀಪದಲ್ಲಿ ಮೋರಿಸ್ ಎಂಬ ಹುಂಜದ ಮೇಲೆ, ರಜೆ ಕಳೆಯಲು ಬರುತ್ತಿದ್ದ ನೆರೆಯವರು ದಾವೆ ಹೂಡಿದ್ದರು. 2019ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಹುಂಜದ ಪರವಾಗಿ ತೀರ್ಪಿತ್ತಿತು. 2021ರಲ್ಲಿ ಆ ದೇಶ ಹಳ್ಳಿಗಾಡಿನ ಸದ್ದು ಮತ್ತು ವಾಸನೆಗಳು ಆ ಪ್ರದೇಶದ ಪರಂಪರೆಗೆ ಸೇರಿದವೆಂದು ಕಾಯಿದೆಯನ್ನೇ ಮಾಡಿತು. ಹುಂಜ ಅಷ್ಟರೊಳಗೆ, 2020ರಲ್ಲಿಯೇ, ತೀರಿಕೊಂಡಿತ್ತು.

ಇನ್ನು ನಮ್ಮ ಕಡೆಗೆ ಬರೋಣ. 2025ರ ಫೆಬ್ರವರಿಯಲ್ಲಿ ಕೇರಳದ ಅಡೂರಿನಿಂದ ಒಂದು ಸುದ್ದಿ ಬಂದಿತು. ನೆರೆಮನೆಯ ಹುಂಜ ಬೆಳಗಿನ ಜಾವ ಮೂರು ಗಂಟೆಗೇ ಕೂಗಿ ತನ್ನ ನಿದ್ದೆಯನ್ನು ಕೆಡಿಸುತ್ತಿದೆಯೆಂದು, ಅನಾರೋಗ್ಯದಲ್ಲಿದ್ದ ಹಿರಿಯರೊಬ್ಬರು ದೂರು ಕೊಟ್ಟರು. ಕಂದಾಯ ಉಪವಿಭಾಗದ ಅಧಿಕಾರಿ ಸ್ಥಳವನ್ನು ಪರಿಶೀಲಿಸಿ, ಮನೆಯ ಮೇಲಂತಸ್ತಿನಲ್ಲಿದ್ದ ಗೂಡನ್ನು ಹದಿನಾಲ್ಕು ದಿನಗಳೊಳಗೆ ಹಿತ್ತಿಲಿನ ದಕ್ಷಿಣ ಭಾಗಕ್ಕೆ ಸಾಗಿಸಬೇಕೆಂದು ಆಜ್ಞೆ ಮಾಡಿದರು. ಪತ್ರಿಕೆಗಳು ಇದನ್ನು ತಮಾಷೆಯ ಸುದ್ದಿಯಾಗಿ ಅಚ್ಚುಹಾಕಿದವು. ನನಗೆ ಅದರಲ್ಲಿ ತಮಾಷೆ ಕಾಣಲಿಲ್ಲ. ಆಜ್ಞೆ ವಿವೇಕದ್ದೇ, ಕೋಳಿಯೂ ಉಳಿಯಿತು, ನಿದ್ದೆಗೂ ಒಂದು ದಾರಿಯಾಯಿತು. ಆದರೆ ಅದು ಒಬ್ಬ ಅಧಿಕಾರಿಯ ವಿವೇಕ. ಬೇರೊಬ್ಬ ಅಧಿಕಾರಿ ಗೂಡನ್ನೇ ತೆಗೆಸಬಹುದಿತ್ತು, ಮತ್ತೊಬ್ಬರು ಅರ್ಜಿಯನ್ನು ಮೂಲೆಗೆ ಹಾಕಬಹುದಿತ್ತು. ಗೂಡು ಎಷ್ಟು ಅಡಿ ದೂರವಿದ್ದರೆ ಸರಿಯೆಂಬ ಅಳತೆಯನ್ನು ದೂರುದಾರನೂ ಮೊದಲೇ ತಿಳಿದಿರಲಿಲ್ಲ, ಸಾಕುವವನೂ ತಿಳಿದಿರಲಿಲ್ಲ.

ನಮ್ಮ ರಾಜ್ಯದ ಸ್ಥಿತಿಯೂ ಹೆಚ್ಚುಕಡಮೆ ಇದೇ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ ತಯಾರಾಗುವ ನಕ್ಷೆಗಳಲ್ಲಿ ವಾಸದ ವಲಯಕ್ಕೆ ಹಳದಿ ಬಣ್ಣ ಬಳಿಯುತ್ತಾರೆ. ಆ ಹಳದಿಯ ಮೇಲೆ ಹಿಟ್ಟಿನ ಗಿರಣಿ ಎಲ್ಲಿರಬಹುದು, ಕಲ್ಯಾಣಮಂಟಪ ಎಲ್ಲಿರಬಾರದು ಎಂದು ವಾದಿಸುತ್ತ ನಾನು ಎಷ್ಟೋ ಮಧ್ಯಾಹ್ನಗಳನ್ನು ಕಳೆದಿದ್ದೇನೆ. ನಾಲ್ಕು ಕೋಳಿಗಳ ಗೂಡಿನ ಅಳತೆಯನ್ನು ನನ್ನ ಮೇಜಿನ ಮೇಲೆ ಯಾರೂ ತಂದಿಡಲಿಲ್ಲ. ಪುರಸಭೆಗಳ ಕಾಯಿದೆಯಲ್ಲಿ ವ್ಯಾಪಾರಕ್ಕೆ ಪರವಾನಗಿಯ ಮಾತುಂಟು, ಉಪದ್ರವವನ್ನು ನಿವಾರಿಸುವ ಅಧಿಕಾರವುಂಟು. ಅದೂ ಸಾಲದಾದರೆ ಸಾರ್ವಜನಿಕ ಉಪದ್ರವವನ್ನು ತೆಗೆಸಲು ದಂಡಾಧಿಕಾರಿಯ ಮುಂದೆ ಹೋಗುವ ಹಳೆಯ ದಾರಿಯುಂಟು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 133ನೆಯ ಪ್ರಕರಣವೆನ್ನುತ್ತಿದ್ದರು, 2024ರ ಜುಲೈ ಒಂದರಿಂದ ಅದು ಹೊಸ ಸಂಹಿತೆಯ 152ನೆಯದಾಗಿದೆ. ಎಲ್ಲವೂ ದೂರಿನಿಂದ ಆರಂಭವಾಗತಕ್ಕವು. ದೂರಿಲ್ಲದಿದ್ದರೆ ಇಪ್ಪತ್ತು ಕೋಳಿಗಳೂ ಸಕ್ರಮ. ದೂರು ಬಂದರೆ ಎರಡು ಕೋಳಿಗಳೂ ಅಕ್ರಮ. ಹೀಗಾಗಿ ಪಟ್ಟಣದ ಬಡ ಹೆಂಗಸಿನ ಕೋಳಿಗೂಡು ನಿಂತಿರುವುದು ಕಾನೂನಿನ ಮೇಲಲ್ಲ, ನೆರೆಯವರ ಮೌನದ ಮೇಲೆ.

ಈ ಮೌನ ಯಾವಾಗ ಮುರಿಯುತ್ತದೆಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಒಂದು ಊರಿನ ವಠಾರದಲ್ಲಿ ವಿಧವೆಯೊಬ್ಬಳು ಐದಾರು ಗಿರಿರಾಜ ಕೋಳಿಗಳನ್ನು ಸಾಕಿ, ಮೊಟ್ಟೆ ಮಾರಿ, ಮಗನ ಶಾಲೆಯ ಖರ್ಚನ್ನು ನೋಡಿಕೊಳ್ಳುತ್ತಿದ್ದಳು. ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದವರು ಇಂಥ ಮನೆಗಳಿಗಾಗಿಯೇ ರೂಪಿಸಿದ ತಳಿ ಅದು. ಊಟದ ಚೂರುಪಾರನ್ನೂ ಹುಳುಹುಪ್ಪಟೆಯನ್ನೂ ತಿಂದು, ನಾಟಿ ಕೋಳಿಗಿಂತ ಹೆಚ್ಚು ಮೊಟ್ಟೆ ಕೊಡುತ್ತದೆ. ರಾತ್ರಿ ಅವನ್ನು ಮಂಕರಿ ಕವುಚಿ, ಮೇಲೆ ಕಲ್ಲು ಹೇರಿ ಮುಚ್ಚುತ್ತಿದ್ದಳು. ಎಂಟು ವರ್ಷ ಯಾರೂ ಏನೂ ಅನ್ನಲಿಲ್ಲ. ಪಕ್ಕದ ಮನೆಗೆ ಹೊಸ ಒಕ್ಕಲು ಬಂದ ತಿಂಗಳಿಗೇ ದೂರರ್ಜಿ ಬಂದಿತು: ದುರ್ವಾಸನೆ, ಅನಾರೋಗ್ಯ, ಮಕ್ಕಳಿಗೆ ತೊಂದರೆ. ನಾನು ಹೋಗಿ ನೋಡಿದೆ. ಅವಳ ಅಂಗಳ ನಮ್ಮ ಕಚೇರಿಯ ಅಂಗಳಕ್ಕಿಂತ ಶುದ್ಧವಾಗಿತ್ತು. ಅರ್ಜಿದಾರರೊಡನೆ ಕುಳಿತು ಮಾತನಾಡಿದಾಗ ಹೊರಬಿದ್ದುದು ವಾಸನೆಯ ವಿಚಾರವಲ್ಲ. ಮೊಟ್ಟೆ ಕೋಳಿ ತಿನ್ನುವವರು ಪಕ್ಕದಲ್ಲಿರುವುದೇ ಅವರಿಗೆ ಸಹಿಸದ ಸಂಗತಿಯಾಗಿತ್ತು. ಅದನ್ನು ಅರ್ಜಿಯಲ್ಲಿ ಬರೆಯುವಂತಿಲ್ಲ, ವಾಸನೆಯೆಂದು ಬರೆಯಬಹುದು. ಗೂಡು ಇಷ್ಟು ಅಡಿ ದೂರವಿದೆ, ಕೋಳಿ ಇಷ್ಟರೊಳಗಿವೆ, ನಿಯಮದಂತೆ ಸರಿಯಾಗಿದೆ ಎಂದು ಹಿಂಬರಹ ಬರೆಯಲು ನನ್ನ ಕೈಯಲ್ಲಿ ಯಾವ ನಿಯಮವೂ ಇರಲಿಲ್ಲ. ಕೊನೆಗೆ ವಠಾರದ ಮಾಲೀಕರು, ಜಗಳವೇಕೆಂದು, ಕೋಳಿಗಳನ್ನು ತೆಗೆಯಮ್ಮ, ಇಲ್ಲವೆ ಮನೆ ಬಿಡಮ್ಮ ಎಂದರು. ಅವಳು ಕೋಳಿಗಳನ್ನು ಸಂತೆಗೆ ಒಯ್ದಳು.

ಇದನ್ನು ಹೇಳುವಾಗ, ದೂರು ಕೊಡುವವರೆಲ್ಲ ಹೀಗೆಯೇ ಎಂದು ನನ್ನ ಅಭಿಪ್ರಾಯವಲ್ಲ. ಮೂವತ್ತು ಕೋಳಿ ಸಾಕಿ, ಪುಕ್ಕವನ್ನೂ ಕರುಳನ್ನೂ ಚರಂಡಿಗೆ ತಳ್ಳಿ, ಇಡೀ ಓಣಿಯನ್ನು ನರಕ ಮಾಡಿದವರನ್ನೂ ನಾನು ನೋಡಿ ದಂಡ ಹಾಕಿಸಿದ್ದೇನೆ. ಅಳತೆಯೊಂದಿದ್ದರೆ ಇವರಿಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾಗುತ್ತಿರಲಿಲ್ಲ. ಅಮೆರಿಕದ ಅಳತೆ ನಮಗೆ ಹಾಗೆಯೇ ಒಪ್ಪದು. ಇಪ್ಪತ್ತೈದು ಅಡಿ ಬಿಡೆಂದರೆ ನಮ್ಮ ಇಪ್ಪತ್ತಕ್ಕೆ ಮೂವತ್ತರ ನಿವೇಶನದಲ್ಲಿ ಕೋಳಿಯಿರಲಿ, ಮನೆಯವನೇ ಹೊರಗೆ ನಿಲ್ಲಬೇಕಾದೀತು. ಮನೆಯಲ್ಲಿ ಕೊಯ್ಯಕೂಡದೆಂದರೆ ಹಬ್ಬಕ್ಕೂ ಹರಕೆಗೂ ಕೋಳಿ ಸಾಕುವ ನಮ್ಮ ಜನ ಕೇಳುವರೆಂದು ನಾನು ನಂಬಲಾರೆ. ದೂರಕ್ಕಿಂತ ಸಂಖ್ಯೆಗೂ, ಗೂಡಿನ ಒಣನೆಲಕ್ಕೂ, ಕಸದ ವಿಲೇವಾರಿಗೂ ನಾವು ಹೆಚ್ಚು ಒತ್ತು ಕೊಡಬೇಕಾದೀತು.

ಪರವಾನಗಿಯೆಂದರೆ ಲಂಚದ ಇನ್ನೊಂದು ಬಾಗಿಲು ಎಂದು ನೀವು ಹೇಳಬಹುದು. ಆ ಕಚೇರಿಯ ಒ��ಗೆ ಕುಳಿತವನಾದ್ದರಿಂದ ಈ ಭಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದುದರಿಂದಲೇ ಐದಾರು ಕೋಳಿಗಳವರೆಗೆ ಪರವಾನಗಿ ಬೇಡ, ಶುಲ್ಕ ಬೇಡ. ಹೆಸರು, ಮನೆಯ ಸಂಖ್ಯೆ, ಕೋಳಿಗಳ ಎಣಿಕೆ ಬರೆದುಕೊಟ್ಟರೆ ಸಾಕೆಂಬುದು ನನ್ನ ಸಲಹೆ. ಇಂಗ್ಲೆಂಡಿನಲ್ಲಿ 2024ರ ಅಕ್ಟೋಬರ್ ಒಂದರಿಂದ, ಒಂದೇ ಒಂದು ಕೋಳಿಯಿದ್ದರೂ ಸರಕಾರದಲ್ಲಿ ನೋಂದಾಯಿಸಬೇಕಾಗಿದೆ. ಅದು ಕೋಳಿಯ ಮೇಲಿನ ಕೋಪದಿಂದಲ್ಲ. ಹಕ್ಕಿಜ್ವರ ಬಂದ ದಿನ ಯಾರ ಬಾಗಿಲು ತಟ್ಟಬೇಕೆಂದು ತಿಳಿದಿರಲೆಂದು.

ಆ ದಿನ ನಮ್ಮಲ್ಲಿಯೂ ಬಂದಿತ್ತು. 2020ರ ಮಾರ್ಚ್ ತಿಂಗಳಿನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ದೃಢಪಟ್ಟಾಗ, ಸುತ್ತಣ ಒಂದು ಕಿಲೋಮೀಟರಿನೊಳಗೆ ಸಾಕಿದ ಕೋಳಿಗಳನ್ನೂ ಪಂಜರದ ಹಕ್ಕಿಗಳನ್ನೂ ಕೊಲ್ಲಬೇಕೆಂದಾಯಿತು. ಪಶುವೈದ್ಯ ಇಲಾಖೆಯವರು ಮನೆಮನೆಗೆ ಹೋಗಿ ಹುಡುಕಬೇಕಾಯಿತು. ಕೋಳಿ ಸಾಕುವುದು ತಪ್ಪೋ ಸರಿಯೋ ಎಂದು ತಿಳಿಯದ ಮನೆಯಲ್ಲಿ, ಅಧಿಕಾರಿಗಳು ಬಂದರೆಂದಾಗ ಮೊದಲ ಕೆಲಸ ಕೋಳಿಯನ್ನು ಬಚ್ಚಿಡುವುದು. ಪಟ್ಟಿಯಲ್ಲಿ ಹೆಸರಿದ್ದವನಿಗೆ ಪರಿಹಾರದ ಹಣ ಕೇಳುವ ಹಕ್ಕಾದರೂ ಇರುತ್ತದೆ. ವಾರ್ಡಿಗೊಂದು ಪುಸ್ತಕ, ಮನೆಗೊಂದು ಸಾಲು. ಇದನ್ನು ಬರೆದಿಡಲು ಪುರಸಭೆಗೆ ಹೊಸ ಕಾಯಿದೆ ಬೇಡ, ಒಂದು ನಿರ್ಣಯ ಸಾಕು. ಹುಂಜದ ವಿಚಾರವನ್ನು ಆಯಾ ಬೀದಿಯವರೇ ಕೂತು ತೀರ್ಮಾನಿಸಿಕೊಳ್ಳಲಿ.